ಇಟಾಲಿಯನ್ ಕಲಿಯೋಣ – ಪಾಠ 3: ಎಲ್ಲಿದೆ? ಯಾವ ದಿಕ್ಕಿಗೆ?



ಹಿಂದಿನ ಎರಡು ಸಂಚಿಕೆಗಳಲ್ಲಿ ಇಟಾಲಿಯನ್ ಭಾಷೆಯಲ್ಲಿ ವಂದಿಸುವುದು, ಪರಿಚಯ ಹೇಳಿಕೊಳ್ಳುವುದು, ಒಂದರಿಂದ ನೂರರವರೆಗೆ ಎಣಿಸುವುದು ಇಷ್ಟನ್ನು ನೋಡಿದೆವು. ಈ ಸಲದ ಪಾಠ ಸ್ಥಳ ಮತ್ತು ದಿಕ್ಕು. ಒಂದು ವಸ್ತು ಎಲ್ಲಿದೆ, ಒಂದು ಊರು ಇನ್ನೊಂದು ಊರಿನ ಯಾವ ಕಡೆಗಿದೆ, ದಾರಿ ಕೇಳುವುದು ಹೇಗೆ ಎಂಬುದನ್ನು ಕಲಿಯೋಣ.

ಕಾಮರ್ಸ್ ಓದುವವಳಿಗೆ ಇಟಾಲಿಯನ್ ಯಾಕೆ ಎಂದು ಕೇಳುವವರು ಇನ್ನೂ ಇದ್ದಾರೆ. ನಮ್ಮ ಅಬ್ಬಾ ಗ್ರಾನೈಟ್ ಕತ್ತರಿಸುವ ಒಂದು ಸಣ್ಣ ಶೆಡ್ ನಡೆಸುತ್ತಾರೆ. ಅಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಇಟಲಿಯ ಕಟಿಂಗ್ ಮಷಿನ್ ಇದೆ. ಅದರ ಬಟನ್‌ಗಳ ಮೇಲೆ ಇಂಗ್ಲಿಷ್ ಇಲ್ಲ. ‘ಅವಾಂತಿ’ ಎಂದರೆ ಮುಂದಕ್ಕೆ, ‘ಇಂದಿಯೇತ್ರೊ’ ಹಿಂದಕ್ಕೆ, ‘ಸು’ ಮೇಲಕ್ಕೆ, ‘ಜು’ ಕೆಳಕ್ಕೆ, ‘ದೆಸ್ತ್ರ’ ಬಲಕ್ಕೆ, ‘ಸಿನಿಸ್ತ್ರ’ ಎಡಕ್ಕೆ. ಬ್ಲೇಡ್ ತಿರುಗುತ್ತಿರುವಾಗ ಈ ಆರು ಪದಗಳಲ್ಲಿ ಒಂದು ಅದಲುಬದಲಾದರೂ ಸಾಕು, ಹೋಗುವುದು ಮನುಷ್ಯನ ಕೈ. ನಾನು ಈ ಭಾಷೆ ಕಲಿಯಲು ಕೂತದ್ದು ಆ ಆರು ಬಟನ್‌ಗಳಿಗಾಗಿ. ಪ್ರತಿ ಬಟನ್‌ನ ಪಕ್ಕದಲ್ಲಿ ಈಗ ಕನ್ನಡದ ಮತ್ತು ಉರ್ದುವಿನ ಸ್ಟಿಕರ್ ಇದೆ.

ಮೊದಲು ಉಚ್ಚಾರಣೆ ಬಗ್ಗೆ ಒಂದು ಮಾತು. ಇಟಾಲಿಯನ್ನಿನ ‘ತ’ ಮತ್ತು ‘ದ’ ನಮ್ಮ ತಾಯಿ, ದಾರಿ ಎಂಬಲ್ಲಿ ಬರುವಂಥವು. ಇಂಗ್ಲಿಷಿನವರಂತೆ ‘ಟ’, ‘ಡ’ ಮಾಡಬೇಡಿ. ಒತ್ತಕ್ಷರವನ್ನು ಒತ್ತಿಯೇ ಹೇಳಬೇಕು. ‘ದ್ರಿತ್ತೊ’ (ನೇರ), ‘ಸೊತ್ತೊ’ (ಕೆಳಗೆ) ಇವುಗಳ ‘ತ್ತೊ’ ನಮ್ಮ ‘ಹತ್ತು’ವಿನ ‘ತ್ತು’ ಇದ್ದಂತೆ. ಹಾಗಾಗಿ ಈ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಕಲಿಯುವುದೇ ಸುಲಭ.

ಪ್ರಶ್ನೆಯ ಪದ ‘ದೊವೆ’, ಅಂದರೆ ‘ಎಲ್ಲಿದೆ?’. ‘ದೊವೆ ಲ ಬಾಂಕ?’ ಎಂದರೆ ಬ್ಯಾಂಕ್ ಎಲ್ಲಿದೆ? ಉತ್ತರ ಕೊಡುವಾಗ ‘ಎ’ (ಇದೆ) ಅಥವಾ ‘ಸಿ ತ್ರೋವ’ (ಇರುವುದು) ಬಳಸುತ್ತಾರೆ. ಒಂದು ಜಾಗದಲ್ಲಿ ಏನಿದೆ ಎಂದು ಹೇಳಬೇಕಾದರೆ ‘ಚೆ’ ಬರುತ್ತದೆ; ಹಲವು ಇದ್ದರೆ ‘ಚಿ ಸೊನೊ’. ‘ಚೆ ಉನ ಬಾಂಕ’ ಎಂದರೆ ಒಂದು ಬ್ಯಾಂಕ್ ಇದೆ. ‘ಚಿ ಸೊನೊ ದೂಯೆ ಬಾಂಕೆ’ ಎಂದರೆ ಎರಡು ಬ್ಯಾಂಕುಗಳಿವೆ.

ಈಗ ಎಡ ಬಲ. ‘ಅ ದೆಸ್ತ್ರ’ ಬಲಕ್ಕೆ, ‘ಅ ಸಿನಿಸ್ತ್ರ’ ಎಡಕ್ಕೆ. ಕಾಮರ್ಸ್‌ನವರಿಗೆ ಇದನ್ನು ನೆನಪಿಡಲು ಒಂದು ಉಪಾಯವಿದೆ. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಹೆಸರು ಬರುವ ಲೂಕಾ ಪಚೋಲಿ ಇಟಲಿಯವರು. ಡಬಲ್ ಎಂಟ್ರಿಯನ್ನು ವಿವರಿಸುವ ಅವರ ಗ್ರಂಥ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಇಟಲಿಯ ಲೆಡ್ಜರಿನಲ್ಲಿ ಡೆಬಿಟ್‌ಗೆ ‘ದಾರೆ’ ಎನ್ನುತ್ತಾರೆ, ಅಂದರೆ ಕೊಡುವುದು. ಕ್ರೆಡಿಟ್‌ಗೆ ‘ಅವೇರೆ’, ಅಂದರೆ ಹೊಂದಿರುವುದು. ‘ಇಲ್ ದಾರೆ ಎ ಅ ಸಿನಿಸ್ತ್ರ, ಲವೇರೆ ಎ ಅ ದೆಸ್ತ್ರ.’ ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ. ಖಾತೆ ಬರೆಯುವಾಗಲೆಲ್ಲ ಮನಸ್ಸಿನಲ್ಲಿ ಈ ವಾಕ್ಯ ಹೇಳಿಕೊಂಡರೆ ಒಂದು ವಾರದಲ್ಲಿ ಎಡಬಲ ನಾಲಿಗೆಗೆ ಬರುತ್ತದೆ.

ಪುಟದಲ್ಲಿ ಎಡಬಲ ಯಾವತ್ತೂ ಜಗಳ ಮಾಡುವುದಿಲ್ಲ. ಮನುಷ್ಯರು ಎದುರುಬದುರು ನಿಂತಾಗಲೇ ತೊಂದರೆ. ನಮ್ಮ ಶೆಡ್‌ನಲ್ಲಿ ಆಪರೇಟರ್ ಚಾಚಾ ಮಷಿನ್‌ನ ಒಂದು ಕಡೆ ನಿಲ್ಲುತ್ತಾರೆ, ಸ್ಲ್ಯಾಬ್ ಹಿಡಿಯುವ ಹೆಲ್ಪರ್ ಇನ್ನೊಂದು ಕಡೆ. ಚಾಚಾ ‘ಬಲಕ್ಕೆ’ ಅಂದರೆ ಹೆಲ್ಪರ್‌ಗೆ ಅದು ಎಡ. ಅದಕ್ಕೇ ಅವರು ಎಡಬಲ ಎನ್ನುವುದನ್ನೇ ಬಿಟ್ಟಿದ್ದಾರೆ. ‘ಗೇಟ್ ಸೈಡ್’, ‘ಆಫೀಸ್ ಸೈಡ್’ ಅನ್ನುತ್ತಾರೆ. ಯಾರು ಎಲ್ಲೇ ನಿಂತರೂ ಗೇಟ್ ಗೇಟೇ. ಇಟಾಲಿಯನ್ ಆಗಲಿ, ಕನ್ನಡವಾಗಲಿ, ಉರ್ದುವಾಗಲಿ, ಸ್ಥಳ ಹೇಳಲು ಇರುವುದು ಇದೇ ಮೂರು ದಾರಿ. ನನ್ನ ಮೈಯಿಂದ ಹೇಳಬಹುದು (ಎಡ, ಬಲ). ಇನ್ನೊಂದು ವಸ್ತುವಿನಿಂದ ಹೇಳಬಹುದು (ಗೇಟಿನ ಹತ್ತಿರ, ಬ್ಯಾಂಕಿನ ಪಕ್ಕ). ಸೂರ್ಯ ನಕ್ಷತ್ರಗಳಿಂದ ಹೇಳಬಹುದು (ಪೂರ್ವ, ಪಶ್ಚಿಮ). ಕೇಳುವವರು ಎಲ್ಲಿ ನಿಂತಿದ್ದಾರೆ ಎಂಬುದನ್ನು ನೋಡಿಯೇ ನಾವು ದಾರಿ ಆರಿಸಿಕೊಳ್ಳಬೇಕು.

ಎರಡನೆಯ ದಾರಿಗೆ ಬೇಕಾಗುವುದು ಪ್ರತ್ಯಯಗಳು. ಇಂಗ್ಲಿಷ್ ಮೂಲಕ ಇಟಾಲಿಯನ್ ಕಲಿಯುವವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ, ಕನ್ನಡದವರು ಕೆರೆದುಕೊಳ್ಳಬೇಕಾಗಿಲ್ಲ. ಹೈಸ್ಕೂಲಿನ ವಿಭಕ್ತಿ ಪ್ರತ್ಯಯ ನೆನಪಿದೆಯಲ್ಲ? ತೃತೀಯಾ ‘ಇಂದ’, ಚತುರ್ಥೀ ‘ಗೆ’, ಷಷ್ಠೀ ‘ಅ’, ಸಪ್ತಮೀ ‘ಅಲ್ಲಿ’. ಇವಕ್ಕೆ ಸರಿಸಾಟಿಯಾಗಿ ಇಟಾಲಿಯನ್ನಿನಲ್ಲಿ ‘ದ’ (ಇಂದ), ‘ಅ’ (ಗೆ), ‘ದಿ’ (ಷಷ್ಠಿಯ ಅ), ‘ಇನ್’ (ಅಲ್ಲಿ) ಇವೆ. ನಮ್ಮಲ್ಲಿ ಪ್ರತ್ಯಯ ಪದದ ಹಿಂದೆ ಅಂಟುತ್ತದೆ, ಅವರಲ್ಲಿ ಪದದ ಮುಂದೆ ನಿಲ್ಲುತ್ತದೆ, ಅಷ್ಟೆ. ನಾಮಪದದ ಜೊತೆಗೆ ಬರುವ ‘ಲ’, ‘ಇಲ್’ ಎಂಬ ಪುಟ್ಟ ಪದಗಳೊಂದಿಗೆ ಇವು ಸಂಧಿಯಾಗುತ್ತವೆ. ಸ್ತ್ರೀಲಿಂಗದಲ್ಲಿ ‘ಅಲ್ಲ’, ‘ದಲ್ಲ’, ‘ದೆಲ್ಲ’, ‘ನೆಲ್ಲ’. ಪುಲ್ಲಿಂಗದಲ್ಲಿ ‘ಅಲ್’, ‘ದಲ್’, ‘ದೆಲ್’, ‘ನೆಲ್’. ಅವರು ‘ಅಲ್ಲ’ ಅಂದರೆ ಅದು ನಮ್ಮ ‘ಅಲ್ಲ’ ಅಲ್ಲ, ‘ಗೆ’!

ಮಸೀದಿಗೆ ಇಟಾಲಿಯನ್ನಿನಲ್ಲಿ ‘ಮೊಸ್ಕೇಯ’. ನಮ್ಮ ಮಸ್ಜಿದ್ ಎಂಬ ಪದವೇ ಊರೂರು ಸುತ್ತಿ ಹಾಗಾಗಿದೆ. ಮಾರುಕಟ್ಟೆಗೆ ‘ಮೆರ್ಕಾತೊ’. ಈಗ ನೋಡಿ:

ಇಲ್ ಮೆರ್ಕಾತೊ ಎ ವಿಚೀನೊ ಅಲ್ಲ ಮೊಸ್ಕೇಯ. ಮಾರುಕಟ್ಟೆ ಮಸೀದಿಗೆ ಹತ್ತಿರ ಇದೆ.

ಇಲ್ ಮೆರ್ಕಾತೊ ಎ ಲೊಂತಾನೊ ದಲ್ಲ ಮೊಸ್ಕೇಯ. ಮಾರುಕಟ್ಟೆ ಮಸೀದಿಯಿಂದ ದೂರ ಇದೆ.

ಇಲ್ ಮೆರ್ಕಾತೊ ಎ ಅ ಸಿನಿಸ್ತ್ರ ದೆಲ್ಲ ಮೊಸ್ಕೇಯ. ಮಾರುಕಟ್ಟೆ ಮಸೀದಿಯ ಎಡಕ್ಕೆ ಇದೆ.

ಹತ್ತಿರಕ್ಕೆ ‘ಗೆ’, ದೂರಕ್ಕೆ ‘ಇಂದ’, ಎಡಕ್ಕೆ ಷಷ್ಠಿ. ಮೂರರಲ್ಲಿ ಮೂರೂ ಕನ್ನಡದಂತೆಯೇ. ಉರ್ದುವಿನಲ್ಲಿ ‘ಮಸ್ಜಿದ್ ಸೇ ದೂರ್’ ಸರಿಹೊಂದುತ್ತದೆ, ಆದರೆ ‘ಮಸ್ಜಿದ್ ಕೇ ನಜ್ದೀಕ್’ ಎನ್ನುವಾಗ ‘ಕೇ’ ಬಂದು ಲೆಕ್ಕ ತಪ್ಪುತ್ತದೆ. ಮನೆಯಲ್ಲಿ ಉರ್ದು ಆಡುವ ನನಗೇ ಇಟಾಲಿಯನ್ ಪ್ರತ್ಯಯ ಹಿಡಿಯಲು ಕೈ ಕೊಟ್ಟದ್ದು ಕನ್ನಡದ ವ್ಯಾಕರಣ. ಎಲ್ಲ ಕಡೆಯೂ ಹೀಗೆ ಹೊಂದುತ್ತದೆ ಎಂದುಕೊಳ್ಳಬೇಡಿ. ‘ಮುಂದೆ’ ಎನ್ನಲು ಅವರು ‘ದವಾಂತಿ ಅಲ್ಲ ಮೊಸ್ಕೇಯ’ ಎಂದು ‘ಗೆ’ ಹಾಕುತ್ತಾರೆ. ‘ಪಕ್ಕದಲ್ಲಿ’ (ಅಕ್ಕಾಂತೊ) ಮತ್ತು ‘ಎದುರಿಗೆ’ (ದಿ ಫ್ರೊಂತೆ) ಎನ್ನುವಾಗಲೂ ಹಾಗೆಯೇ. ‘ಹಿಂದೆ’ (ದಿಯೇತ್ರೊ), ‘ಮೇಲೆ’ (ಸೋಪ್ರ), ‘ಕೆಳಗೆ’ (ಸೊತ್ತೊ), ‘ನಡುವೆ’ (ತ್ರ) ಇವುಗಳಿಗೆ ಪ್ರತ್ಯಯವೇ ಬೇಡ: ‘ದಿಯೇತ್ರೊ ಲ ಮೊಸ್ಕೇಯ’.

ಊರುಗಳ ಹೆಸರಿಗೆ ಬಂದಾಗ ಇನ್ನೊಂದು ನಿಯಮ. ನಾವು ರೋಮ್‌ನಲ್ಲಿ, ಇಟಲಿಯಲ್ಲಿ, ಸಿಸಿಲಿಯಲ್ಲಿ ಎಂದು ಎಲ್ಲಕ್ಕೂ ‘ಅಲ್ಲಿ’ ಹಚ್ಚುತ್ತೇವೆ. ಅವರು ಊರಿಗೆ ‘ಅ’ ಬಳಸುತ್ತಾರೆ: ‘ಅ ರೋಮ’. ದೇಶಕ್ಕೆ ಮತ್ತು ದೊಡ್ಡ ದ್ವೀಪಕ್ಕೆ ‘ಇನ್’: ‘ಇನ್ ಇತಾಲಿಯ’, ‘ಇನ್ ಸಿಚೀಲಿಯ’. ದೂರವನ್ನು ಅಂಕಿಯಲ್ಲಿ ಹೇಳುವಾಗಲೂ ‘ಅ’ ಮತ್ತು ‘ದ’ ಜೋಡಿ ಬೇಕು. ‘ನಾಪೊಲಿ ಎ ಅ ಚಿರ್ಕ ದುಯೆಚೆಂತೊ ಕಿಲೋಮೆತ್ರಿ ದ ರೋಮ’ ಎಂದರೆ ನೇಪಲ್ಸ್ ರೋಮ್‌ನಿಂದ ಸುಮಾರು 200 ಕಿಲೋಮೀಟರ್ ದೂರದಲ್ಲಿದೆ.

ಇನ್ನು ಪಾಠದ ಮುಖ್ಯ ಭಾಗ, ದಿಕ್ಕುಗಳು. ಉತ್ತರ ‘ನೊರ್ದ್’, ದಕ್ಷಿಣ ‘ಸುದ್’, ಪೂರ್ವ ‘ಎಸ್ತ್’, ಪಶ್ಚಿಮ ‘ಓವೆಸ್ತ್’. ನಕ್ಷೆ ನೋಡುವವರಿಗೆ ಒಂದು ಎಚ್ಚರಿಕೆ: ಇಟಲಿಯ ದಿಕ್ಸೂಚಿಯಲ್ಲಿ ಪಶ್ಚಿಮಕ್ಕೆ ಇಂಗ್ಲಿಷಿನಂತೆ ‘ಡಬ್ಲ್ಯು’ ಇರುವುದಿಲ್ಲ, ‘ಓ’ ಅಕ್ಷರ ಇರುತ್ತದೆ. ಜರ್ಮನರ ದಿಕ್ಸೂಚಿಯಲ್ಲೂ ‘ಓ’ ಇದೆ, ಆದರೆ ಅಲ್ಲಿ ಅದು ಪೂರ್ವ. ಎರಡೂ ದೇಶದ ನಕ್ಷೆ ಒಟ್ಟಿಗೆ ಇಟ್ಟುಕೊಂಡವರ ಪಾಡು ಊಹಿಸಿಕೊಳ್ಳಿ.

ನಡುವಿನ ನಾಲ್ಕು ದಿಕ್ಕುಗಳು ಬಹಳ ಸರಳ: ‘ನೊರ್ದೆಸ್ತ್’, ‘ಸುದೆಸ್ತ್’, ‘ಸುದೋವೆಸ್ತ್’, ‘ನೊರ್ದೋವೆಸ್ತ್’. ಉರ್ದುವಿನಲ್ಲೂ ‘ಶುಮಾಲ್ ಮಶ್ರಿಕ್’ ಎಂದು ಎರಡು ಪದ ಕೂಡಿಸಿಬಿಡುತ್ತೇವೆ. ಕನ್ನಡದಲ್ಲಿ ಮಾತ್ರ ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯ ಎಂದು ಒಂದೊಂದಕ್ಕೂ ಬೇರೆ ಹೆಸರು. ನಮ್ಮ ಮನೆಯಲ್ಲಿ ಈ ನಾಲ್ಕನ್ನು ಬಾಯಿಪಾಠ ಮಾಡಿದ ಮೊದಲಿಗಳು ನಾನೇ. ಅದಕ್ಕೆ ಹಿಡಿದ ಸಮಯದಲ್ಲಿ ಅರ್ಧ ಇಟಾಲಿಯನ್ ಕಲಿಯಬಹುದಿತ್ತು. ಕನ್ನಡ ಉಪನ್ಯಾಸಕರು ಮನ್ನಿಸಬೇಕು.

ದಿಕ್ಕನ್ನು ವಾಕ್ಯದಲ್ಲಿ ಇಡುವಾಗ ಒಂದೇ ಒಂದು ವಿಷಯಕ್ಕೆ ಗಮನ ಕೊಡಿ. ಈ ಎರಡು ವಾಕ್ಯಗಳನ್ನು ಜೋರಾಗಿ ಓದಿ:

ಮಿಲಾನೊ ಎ ನೆಲ್ ನೊರ್ದ್ ದೆಲ್ಲಿತಾಲಿಯ.

ಲ ಸ್ವೀತ್ಸೆರ ಎ ಅ ನೊರ್ದ್ ದೆಲ್ಲಿತಾಲಿಯ.

ಮಿಲಾನ್ ಇಟಲಿಯ ಉತ್ತರದಲ್ಲಿದೆ. ಸ್ವಿಟ್ಜರ್ಲೆಂಡ್ ಇಟಲಿಯ ಉತ್ತರಕ್ಕಿದೆ. ‘ನೆಲ್ ನೊರ್ದ್’ ಅಂದರೆ ಒಳಗೆ, ‘ಅ ನೊರ್ದ್’ ಅಂದರೆ ಆಚೆಗೆ. ಕನ್ನಡದ ‘ದಲ್ಲಿ’ ಮತ್ತು ‘ಕ್ಕೆ’ ಇಲ್ಲಿಯೂ ಅದೇ ಕೆಲಸ ಮಾಡುತ್ತಿವೆ. ಇಷ್ಟು ಚಿಕ್ಕ ಪದ ತಪ್ಪಿದರೆ ಮಿಲಾನ್ ಗಡಿ ದಾಟಿಬಿಡುತ್ತದೆ. ಇಟಲಿಯ ಗಡಿಗಳನ್ನು ಹೇಳುವ ವಾಕ್ಯ ಹೀಗಿದೆ: ‘ಲಿತಾಲಿಯ ಕೊನ್‌ಫೀನ ಅ ನೊರ್ದ್ ಕೊನ್ ಲ ಸ್ವೀತ್ಸೆರ ಎ ಲೌಸ್ತ್ರಿಯ, ಅ ಓವೆಸ್ತ್ ಕೊನ್ ಲ ಫ್ರಾಂಚ, ಅ ಎಸ್ತ್ ಕೊನ್ ಲ ಸ್ಲೊವೇನಿಯ.’ ಉತ್ತರಕ್ಕೆ ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾ, ಪಶ್ಚಿಮಕ್ಕೆ ಫ್ರಾನ್ಸ್, ಪೂರ್ವಕ್ಕೆ ಸ್ಲೊವೇನಿಯಾ.

ದಿಕ್ಕು ಎಂದರೆ ಊರಿಗೆ ಅಂಟಿಕೊಂಡ ಗುಣವಲ್ಲ ಎನ್ನಲು ಪಲೇರ್ಮೊ ಒಳ್ಳೆಯ ಉದಾಹರಣೆ. ಅದು ಇಟಲಿಯ ದಕ್ಷಿಣದಲ್ಲಿದೆ, ‘ನೆಲ್ ಸುದ್ ದೆಲ್ಲಿತಾಲಿಯ’. ಅದೇ ಪಲೇರ್ಮೊ ಸಿಸಿಲಿಯ ಉತ್ತರದಲ್ಲಿದೆ, ‘ನೆಲ್ ನೊರ್ದ್ ದೆಲ್ಲ ಸಿಚೀಲಿಯ’. ಎರಡೂ ನಿಜ. ಇನ್ನೂ ವಿಚಿತ್ರ ಬೇಕಿದ್ದರೆ ಲಾಂಪೆದೂಸ ಎಂಬ ಪುಟ್ಟ ದ್ವೀಪ ನೋಡಿ. ಅದು ಇಟಲಿಗೆ ಸೇರಿದ್ದು, ಆದರೆ ಸಿಸಿಲಿಗಿಂತ ಆಫ್ರಿಕಾದ ತೀರಕ್ಕೇ ಹತ್ತಿರ. ಆಫ್ರಿಕಾ ಖಂಡದ ಟ್ಯೂನಿಸ್ ನಗರಕ್ಕಿಂತಲೂ ಅದು ದಕ್ಷಿಣಕ್ಕಿದೆ. ದೋಣಿಗಳಲ್ಲಿ ಜೀವ ಪಣಕ್ಕಿಟ್ಟು ಸಮುದ್ರ ದಾಟುವ ವಲಸಿಗರ ಸುದ್ದಿಯಲ್ಲಿ ಈ ದ್ವೀಪದ ಹೆಸರು ಮತ್ತೆ ಮತ್ತೆ ಬರುವುದು ಅದಕ್ಕೇ.

ನೊರ್ದ್, ಸುದ್ ಇವು ಹೊರಗಿನಿಂದ ಬಂದ ಪದಗಳು. ಇಟಾಲಿಯನ್ನಿನದೇ ಹಳೆಯ ಹೆಸರುಗಳು ಬೇರೆ ಇವೆ, ನನಗೆ ಇಷ್ಟವಾದದ್ದು ಅವೇ. ಪೂರ್ವಕ್ಕೆ ‘ಲೆವಾಂತೆ’, ಅಂದರೆ ಏಳುವುದು. ಪಶ್ಚಿಮಕ್ಕೆ ‘ಪೊನೆಂತೆ’, ಅಂದರೆ ಇಳಿಯುವುದು. ಕನ್ನಡದ ಮೂಡಣ, ಪಡುವಣ ಇದಲ್ಲದೆ ಇನ್ನೇನು? ಸೂರ್ಯ ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ. ಉರ್ದುವಿಗೆ ಅರಬ್ಬಿಯಿಂದ ಬಂದ ಮಶ್ರಿಕ್ ಎಂದರೂ ಸೂರ್ಯ ಹುಟ್ಟುವ ಜಾಗ, ಮಗ್ರಿಬ್ ಎಂದರೆ ಮುಳುಗುವ ಜಾಗ. ಮಗ್ರಿಬ್ ನಮಾಜಿನ ಹೊತ್ತು ಯಾವುದೆಂದು ನಮ್ಮ ಕಾಲೇಜಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇಟಲಿಯ ಜೆನೋವ ನಗರದ ಪೂರ್ವದ ಕಡಲತೀರಕ್ಕೆ ‘ರಿವಿಯೇರ ದಿ ಲೆವಾಂತೆ’ ಎಂದೂ ಪಶ್ಚಿಮದ ತೀರಕ್ಕೆ ‘ರಿವಿಯೇರ ದಿ ಪೊನೆಂತೆ’ ಎಂದೂ ಹೆಸರು. ನಮ್ಮ ಕರಾವಳಿಯಲ್ಲಿ ಮೂಡುಬಿದಿರೆ ಮತ್ತು ಪಡುಬಿದ್ರಿ ಇದ್ದ ಹಾಗೆ.

ಉತ್ತರಕ್ಕೆ ಹಳೆಯ ಹೆಸರು ‘ಸೆತ್ತೆಂತ್ರಿಯೋನೆ’. ಇದು ಲ್ಯಾಟಿನ್‌ನಿಂದ ಬಂದದ್ದು, ಅರ್ಥ ಏಳು ಎತ್ತುಗಳು. ಉತ್ತರದ ಆಕಾಶದಲ್ಲಿ ಕಾಣುವ ಏಳು ನಕ್ಷತ್ರಗಳು ಹಳೆಯ ರೋಮನ್ನರಿಗೆ ಉಳುವ ಎತ್ತುಗಳಂತೆ ಕಂಡವು. ಅದೇ ಏಳು ನಕ್ಷತ್ರಗಳು ನಮ್ಮ ನಾಡಿನವರಿಗೆ ಸಪ್ತರ್ಷಿಗಳು. ದಕ್ಷಿಣಕ್ಕೆ ‘ಮೆರಿದಿಯೋನೆ’ ಅಥವಾ ‘ಮೆದ್ಜೊಜೊರ್ನೊ’, ಎರಡಕ್ಕೂ ಮೂಲ ಅರ್ಥ ನಡುಹಗಲು. ದಕ್ಷಿಣಕ್ಕೂ ಮಧ್ಯಾಹ್ನಕ್ಕೂ ಏನು ಸಂಬಂಧ ಎಂದು ನಾನು ಬಹಳ ಯೋಚಿಸಿದ್ದೆ. ಇಟಲಿ ಪೂರ್ತಿಯಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿದೆ. ಅಲ್ಲಿ ವರ್ಷದ ಯಾವ ದಿನವೇ ಆಗಲಿ, ನಡುಹಗಲ ಸೂರ್ಯ ದಕ್ಷಿಣದ ಕಡೆಯೇ ಇರುತ್ತಾನೆ. ಹಾಗಾಗಿ ಮಧ್ಯಾಹ್ನ ಅಂದರೆ ದಕ್ಷಿಣ. ಕರ್ನಾಟಕ ಆ ವೃತ್ತದ ದಕ್ಷಿಣಕ್ಕಿರುವುದರಿಂದ ಜೂನ್ ತಿಂಗಳಲ್ಲಿ ನಮ್ಮ ನಡುಹಗಲ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಮೋಡ ಇಲ್ಲದ ದಿನ ಕಾಲೇಜಿನ ಧ್ವಜಸ್ತಂಭದ ನೆರಳು ನೋಡಿ, ಅದು ದಕ್ಷಿಣಕ್ಕೆ ಬಿದ್ದಿರುತ್ತದೆ. ನಮ್ಮವರು ದಕ್ಷಿಣವನ್ನು ‘ಮಧ್ಯಾಹ್ನ’ ಎಂದು ಕರೆದಿದ್ದರೆ ವರ್ಷದಲ್ಲಿ ಕೆಲವು ವಾರ ಅದು ಸುಳ್ಳಾಗುತ್ತಿತ್ತು. ಸಂಸ್ಕೃತದ ‘ದಕ್ಷಿಣ’ಕ್ಕೆ ಬಲಗಡೆ ಎಂಬ ಅರ್ಥವೂ ಇದೆ. ಮೂಡಣಕ್ಕೆ ಮುಖ ಮಾಡಿ ನಿಂತರೆ ದಕ್ಷಿಣ ಬಲಕ್ಕೆ ಬರುತ್ತದೆ. ಅರಬ್ಬಿಯಲ್ಲೂ ಉತ್ತರವನ್ನು ಸೂಚಿಸುವ ಪದ ಎಡಗೈಯ ಪದಕ್ಕೆ ಸಂಬಂಧಿಸಿದ್ದು. ಅವರೂ ಇವರೂ ಪೂರ್ವಕ್ಕೇ ಮುಖ ಮಾಡಿ ಲೆಕ್ಕ ಹಾಕಿದ್ದಾರೆ.

‘ಮೆದ್ಜೊಜೊರ್ನೊ’ ಎಂಬ ಪದ ಅರ್ಥಶಾಸ್ತ್ರದವರಿಗೆ ಇನ್ನೊಂದು ಕಾರಣಕ್ಕೆ ಗೊತ್ತಿರಬೇಕು. ಇಂದು ಅದು ಬರೀ ದಿಕ್ಕಲ್ಲ. ದಕ್ಷಿಣ ಇಟಲಿ ಎಂಬ ಇಡೀ ಪ್ರದೇಶದ ಹೆಸರು. ಕಾರ್ಖಾನೆಗಳು ಉತ್ತರದ ಮಿಲಾನ್, ತೊರೀನೊ ಕಡೆ ಬೆಳೆದವು. ದಕ್ಷಿಣದವರು ಕೆಲಸ ಹುಡುಕಿಕೊಂಡು ಅಲ್ಲಿಗೆ ಹೋದರು. 1950ರಲ್ಲಿ ಸರ್ಕಾರ ‘ಕಾಸ್ಸ ಪೆರ್ ಇಲ್ ಮೆದ್ಜೊಜೊರ್ನೊ’ ಎಂಬ ನಿಧಿಯನ್ನು ಸ್ಥಾಪಿಸಿ ದಕ್ಷಿಣದ ರಸ್ತೆ, ನೀರಾವರಿ, ಕೈಗಾರಿಕೆಗಳಿಗೆ ಹಣ ಹಾಕಿತು. ‘ಕಾಸ್ಸ’ ಅಂದರೆ ಗಲ್ಲಾಪೆಟ್ಟಿಗೆ. ನಮ್ಮಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ 371(ಜೆ) ಇರುವುದು ನಿಮಗೆ ಗೊತ್ತು. ಅವರ ಹಿಂದುಳಿದ ಭಾಗ ದಕ್ಷಿಣಕ್ಕೆ, ನಮ್ಮದು ಉತ್ತರಕ್ಕೆ; ನಕ್ಷೆ ತಿರುಗಿಸಿ ಹಿಡಿದಂತಿದೆ. ‘ನೀವು ಆ ಕಡೆಯವರಾ?’ ಎಂದು ಕೇಳುವ ದನಿಯಲ್ಲೇ ದಿಕ್ಕು ಬೈಗುಳವಾಗುವುದು ಅಲ್ಲಿಯೂ ಉಂಟು.

ಸಮುದ್ರದವರ ದಿಕ್ಕುಗಳು ಬೇರೆ. ಅವರು ಗಾಳಿಯ ಹೆಸರಿನಿಂದ ದಿಕ್ಕು ಹೇಳುತ್ತಿದ್ದರು. ಎಂಟು ಗಾಳಿಗಳ ಚಿತ್ರಕ್ಕೆ ‘ರೋಜ ದೆಯಿ ವೆಂತಿ’, ಗಾಳಿಗಳ ಗುಲಾಬಿ ಎನ್ನುತ್ತಾರೆ. ಬೆಟ್ಟಗಳ ಆಚೆಯಿಂದ ಬರುವ ಉತ್ತರದ ಗಾಳಿ ‘ತ್ರಮೊಂತಾನ’. ಈಶಾನ್ಯದ್ದು ‘ಗ್ರೆಕಾಲೆ’, ಅಂದರೆ ಗ್ರೀಸಿನ ಗಾಳಿ. ಆಗ್ನೇಯದ್ದು ‘ಶಿರೊಕ್ಕೊ’, ಸಹಾರಾದ ಬಿಸಿಯನ್ನೂ ಧೂಳನ್ನೂ ಹೊತ್ತು ತರುವಂಥದ್ದು. ಈ ಹೆಸರು ಅರಬ್ಬಿಯ ‘ಶರ್ಕ್’ನಿಂದ, ಅಂದರೆ ಪೂರ್ವದಿಂದ ಬಂದದ್ದು, ನಮ್ಮ ಮಶ್ರಿಕ್‌ನ ಬೇರೂ ಅದೇ. ನೈಋತ್ಯದ್ದು ಲಿಬಿಯಾದ ಹೆಸರಿನ ‘ಲಿಬೆಚ್ಚೊ’, ವಾಯವ್ಯದ್ದು ‘ಮಾಯೆಸ್ತ್ರಾಲೆ’.

ಆದರೆ ನಕ್ಷೆ ತೆಗೆದು ನೋಡಿ. ರೋಮ್‌ನಲ್ಲಿ ನಿಂತರೆ ಗ್ರೀಸ್ ಈಶಾನ್ಯಕ್ಕಿಲ್ಲ, ಆಗ್ನೇಯಕ್ಕಿದೆ. ಗ್ರೀಸ್‌ನಿಂದ ನೈಋತ್ಯಕ್ಕೆ, ಸಮುದ್ರದ ನಡುವೆ ಹಡಗಿನಲ್ಲಿ ನಿಂತವನಿಗೆ ಮಾತ್ರ ಗ್ರೀಸ್ ಈಶಾನ್ಯಕ್ಕೆ ಕಾಣುತ್ತದೆ. ಹೆಸರು ಇಟ್ಟವರು ನೆಲದ ಮೇಲೆ ನಿಂತಿರಲಿಲ್ಲ ಎಂಬುದು ಆ ಒಂದು ಪದದಲ್ಲೇ ಗೊತ್ತಾಗುತ್ತದೆ. ಇನ್ನೂ ಒಂದು ಸೂಕ್ಷ್ಮ: ಗಾಳಿಗೆ ಅದು ಬರುವ ದಿಕ್ಕಿನ ಹೆಸರು, ಹೋಗುವ ದಿಕ್ಕಿನದಲ್ಲ. ಇಂದಿಗೂ ದಿಕ್ಕು ತೋಚದೆ ಗಲಿಬಿಲಿಯಾದವರನ್ನು ಇಟಾಲಿಯನ್ನರು ‘ತ್ರಮೊಂತಾನ ಕಳೆದುಕೊಂಡವರು’ ಎನ್ನುತ್ತಾರೆ. ಜಾಗ ಗುರುತು ಹಿಡಿದುಕೊಳ್ಳುವುದಕ್ಕೆ ‘ಒರಿಯೆಂತಾರ್ಸಿ’ ಎಂಬ ಪದವಿದೆ, ಅದರೊಳಗೆ ‘ಒರಿಯೆಂತೆ’ (ಪೂರ್ವ) ಅಡಗಿದೆ.

ನಕ್ಷೆಯ ವಿಷಯ ಬಂತು. ಪಲೇರ್ಮೊ ನಗರ 831ರಿಂದ 1072ರವರೆಗೆ ಮುಸ್ಲಿಂ ಆಳ್ವಿಕೆಯಲ್ಲಿತ್ತು. ಆಮೇಲೆ ಬಂದ ನಾರ್ಮನ್ ದೊರೆಗಳು ಅರಬ್ಬಿ ವಿದ್ವಾಂಸರನ್ನು ಹೊರಗಟ್ಟದೆ ಆಸ್ಥಾನದಲ್ಲಿ ಇಟ್ಟುಕೊಂಡರು. ದೊರೆ ಎರಡನೆಯ ರೋಜರ್‌ಗಾಗಿ ಭೂಗೋಳಜ್ಞ ಅಲ್ ಇದ್ರೀಸಿ 1154ರಲ್ಲಿ ಮುಗಿಸಿದ ಗ್ರಂಥದ ವಿಶ್ವನಕ್ಷೆಯಲ್ಲಿ ದಕ್ಷಿಣ ಮೇಲಕ್ಕಿದೆ, ಉತ್ತರ ಕೆಳಕ್ಕಿದೆ. ಇಂದಿನ ಕಣ್ಣಿ‌ಗೆ ಅದು ತಲೆಕೆಳಗು, ಅಂದು ಅದೇ ಸರಿ. ಆದ್ದರಿಂದ ‘ಸೋಪ್ರ’ (ಮೇಲೆ) ಎಂದರೆ ‘ನೊರ್ದ್’ ಎಂದು ಕಣ್ಣು ಮುಚ್ಚಿ ಬರೆಯಬೇಡಿ.

ಈ ಪಾಠ ಬರೆಯುತ್ತಿದ್ದಾಗ ನಮ್ಮ ದಾದಿ ಕೇಳಿದ್ದು ಒಂದೇ ಪ್ರಶ್ನೆ: ‘ಆ ಮಷಿನ್ ಬಂದ ದೇಶದಲ್ಲಿ ಮಸೀದಿ ಇದೆಯಾ ಬೇಟಾ? ಖಿಬ್ಲಾ ಯಾವ ಕಡೆ?’ ದಾದಿಗೆ ಪಶ್ಚಿಮ ಎಂಬ ದಿಕ್ಕೇ ಇಲ್ಲ. ಅವರು ‘ಖಿಬ್ಲೇ ಕೀ ತರಫ್’ ಎನ್ನುತ್ತಾರೆ. ಸೂರ್ಯ ಮುಳುಗುವುದೂ ಖಿಬ್ಲೆ ಕಡೆ, ಮಳೆ ಬರುವುದೂ ಖಿಬ್ಲೆ ಕಡೆಯಿಂದ, ಮಂಚದ ಕಾಲ್ದೆಸೆ ಇಡಬಾರದ್ದೂ ಖಿಬ್ಲೆ ಕಡೆಗೆ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇದೇ ಮಾತು ಇರಬೇಕು. ಕರ್ನಾಟಕದಿಂದ ಖಿಬ್ಲಾ ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ ಇದೆ ಎನ್ನುವುದು ಸರಿ. ರೋಮ್‌ನಿಂದ ಅದು ಆಗ್ನೇಯಕ್ಕೆ. ಅಲ್ಲಿಗೆ ಓದಲು ಹೋದ ನಮ್ಮ ಹುಡುಗನೊಬ್ಬ ಮನೆಯ ಅಭ್ಯಾಸದಂತೆ ಸೂರ್ಯ ಮುಳುಗುವ ಕಡೆಗೆ ನಿಂತರೆ ಅವನ ಮುಖ ಸ್ಪೇನ್ ಕಡೆಗೆ, ಮಕ್ಕಾ ಹೆಚ್ಚುಕಡಿಮೆ ಬೆನ್ನ ಹಿಂದೆ. ದಾದಿಗೆ ಎರಡು ವಾಕ್ಯ ಬರೆದುಕೊಟ್ಟೆ: ‘ಲ ಮೆಕ್ಕ ಎ ಅ ಓವೆಸ್ತ್ ದೆಲ್ಲಿಂದಿಯ.’ ‘ಲ ಮೆಕ್ಕ ಎ ಅ ಸುದೆಸ್ತ್ ದಿ ರೋಮ.’ ಮಕ್ಕಾ ಇದ್ದಲ್ಲೇ ಇದೆ. ಭಾರತದಿಂದ ನೋಡಿದರೆ ಪಶ್ಚಿಮಕ್ಕೆ, ರೋಮ್‌ನಿಂದ ನೋಡಿದರೆ ಆಗ್ನೇಯಕ್ಕೆ. ಮಸೀದಿಯೂ ಇದೆ: ರೋಮ್‌ನ ದೊಡ್ಡ ಮಸೀದಿ 1995ರಲ್ಲಿ ಉದ್ಘಾಟನೆಯಾಯಿತು, ‘ಲ ಗ್ರಾಂದೆ ಮೊಸ್ಕೇಯ ಸಿ ತ್ರೋವ ನೆಲ್ ನೊರ್ದ್ ದಿ ರೋಮ’. ‘ಒಳಗಾ, ಆಚೆಗಾ?’ ಎಂದು ನೀವೇ ಹೇಳಿ. ‘ನೆಲ್’ ಇದೆ, ಆದ್ದರಿಂದ ನಗರದ ಒಳಗೇ. ದಾದಿ ಕಾಗದ ಮಡಚಿ ಕುರಾನಿನ ಗಿಲಾಫ್‌ನ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ.

ಕೊನೆಗೆ ದಾರಿ ಕೇಳುವುದು. ಅಪರಿಚಿತರನ್ನು ಮಾತಾಡಿಸುವಾಗ ‘ಸ್ಕೂಜಿ’ ಎನ್ನಬೇಕು, ಗೆಳೆಯರಿಗೆ ‘ಸ್ಕೂಜ’. ನೀವು–ನೀನು, ಆಪ್–ತುಮ್ ಗೊತ್ತಿರುವ ನಮಗೆ ಇದರಲ್ಲಿ ಕಷ್ಟವಿಲ್ಲ. ಹಾಗೆಯೇ ‘ಹೋಗಿ’ ಎನ್ನಲು ‘ವಾದ’, ‘ಹೋಗು’ ಎನ್ನಲು ‘ವಾಯಿ’. ‘ತಿರುಗಿ’ ಎನ್ನಲು ‘ಜೀರಿ’, ‘ತಿರುಗು’ ಎನ್ನಲು ‘ಜೀರ’.

– ಸ್ಕೂಜಿ, ದೊವೆ ಲ ಸ್ತತ್ಸಿಯೋನೆ? (ಕ್ಷಮಿಸಿ, ರೈಲು ನಿಲ್ದಾಣ ಎಲ್ಲಿದೆ?)

– ವಾದ ಸೆಂಪ್ರೆ ದ್ರಿತ್ತೊ, ಪೊಯಿ ಜೀರಿ ಅ ದೆಸ್ತ್ರ. ಎ ಅಕ್ಕಾಂತೊ ಅಲ್ಲ ಬಾಂಕ. (ನೇರ ಹೋಗಿ, ಆಮೇಲೆ ಬಲಕ್ಕೆ ತಿರುಗಿ. ಬ್ಯಾಂಕಿನ ಪಕ್ಕದಲ್ಲಿದೆ.)

– ಎ ಲೊಂತಾನೊ? (ದೂರವೇ?)

– ನೊ, ಎ ಅ ದಿಯೇಚಿ ಮಿನೂತಿ ಅ ಪಿಯೇದಿ. (ಇಲ್ಲ, ನಡೆದರೆ ಹತ್ತು ನಿಮಿಷ.)

– ಗ್ರಾತ್ಸಿಯೆ! (ಧನ್ಯವಾದ!)

ಇಲ್ಲಿ ಉತ್ತರ ಹೇಳಿದವರು ಒಮ್ಮೆಯೂ ನೊರ್ದ್, ಸುದ್ ಎನ್ನಲಿಲ್ಲ ನೋಡಿ. ಕೇಳುವವರು ಪಕ್ಕದಲ್ಲೇ ನಿಂತಿದ್ದಾರೆ, ಇಬ್ಬರ ಮುಖವೂ ಒಂದೇ ಕಡೆಗಿದೆ, ಎಡಬಲ ಸಾಕು. ಅದೇ ದಾರಿಯನ್ನು ಫೋನಿನಲ್ಲಿ ಹೇಳಬೇಕಾಗಿದ್ದರೆ ಬ್ಯಾಂಕಿನಿಂದ ಶುರು ಮಾಡಬೇಕಾಗುತ್ತಿತ್ತು.

ಅಭ್ಯಾಸ: ಕೋರ್ಸಿಕ ದ್ವೀಪದ ದಕ್ಷಿಣಕ್ಕೆ ಸಾರ್ದಿನಿಯ ದ್ವೀಪವಿದೆ ಎಂಬುದನ್ನು ಇಟಾಲಿಯನ್ನಿನಲ್ಲಿ ಬರೆಯಿರಿ (‘ಲ ಸರ್ದೇನ್ಯ’, ‘ಲ ಕೋರ್ಸಿಕ’, ಎರಡೂ ಸ್ತ್ರೀಲಿಂಗ). ಫ್ಲಾರೆನ್ಸ್, ಅಂದರೆ ‘ಫಿರೆಂತ್ಸೆ’, ಬೊಲೋನ್ಯ ಮತ್ತು ರೋಮ್‌ಗಳ ನಡುವೆ ಇದೆ ಎಂದು ಬರೆಯಿರಿ. ‘ಲಾಂಪೆದೂಸ ಎ ___ ಸುದ್ ___ ತುನೀಜಿ’ ಎಂಬ ವಾಕ್ಯದಲ್ಲಿ ಬಿಟ್ಟ ಜಾಗ ತುಂಬಿ. ಶಿರೊಕ್ಕೊ ಗಾಳಿಗೆ ಸಿಕ್ಕಿದ ಹಡಗು ಯಾವ ದಿಕ್ಕಿಗೆ ತೇಲುತ್ತದೆ? ಕಡೆಯದಾಗಿ, ನಮ್ಮ ಕಾಲೇಜಿನ ಗೇಟಿನಲ್ಲಿ ನಿಂತವರಿಗೆ ಲೈಬ್ರರಿ ಎಲ್ಲಿದೆ ಎಂದು ಮೂರು ರೀತಿ ಹೇಳಿ: ಒಮ್ಮೆ ಎಡಬಲದಿಂದ, ಒಮ್ಮೆ ಪಕ್ಕದ ಕಟ್ಟಡದಿಂದ, ಒಮ್ಮೆ ದಿಕ್ಕಿನಿಂದ. ಲೈಬ್ರರಿಗೆ ‘ಬಿಬ್ಲಿಯೊತೇಕ’ ಎನ್ನಿ. ‘ಲಿಬ್ರೆರೀಯ’ ಎಂದರೆ ಪುಸ್ತಕದ ಅಂಗಡಿ.

ಉತ್ತರಗಳನ್ನು ಈ ತಿಂಗಳ ಕೊನೆಯೊಳಗೆ ಸಂಚಿಕೆಯ ಪೆಟ್ಟಿಗೆಗೆ ಹಾಕಿ. ಪೆಟ್ಟಿಗೆ ನೋಟಿಸ್ ಬೋರ್ಡಿನ ಕೆಳಗಿದೆ, ‘ಸೊತ್ತೊ’. ಮುಂದಿನ ಪಾಠ ಗಡಿಯಾರ ಮತ್ತು ವಾರದ ದಿನಗಳು.